ಅಕ್ಕನ ಹೆಸರಿನಲ್ಲಿ ಬಂದ ಫೈಲು

ಅಕ್ಕ ತೀರಿಕೊಂಡು ಎಂಟು ತಿಂಗಳಾದ ಮೇಲೆ, ಒಂದು ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ, ಅವಳ ಹೆಸರಿನಿಂದ ನನಗೊಂದು ಮೇಲ್ ಬಂತು.

ಆಗಷ್ಟೇ ಕಚೇರಿಯ ಶಟರ್ ಎತ್ತಿ ಒಳಗೆ ಕೂತಿದ್ದೆ. ಕಚೇರಿ ಅಂದರೆ ದೊಡ್ಡದೇನಲ್ಲ. ಸಯನ್ ಸ್ಟೇಷನ್ನಿನಿಂದ ಐದು ನಿಮಿಷದ ದಾರಿ, ಹಳೆಯ ಬಿಲ್ಡಿಂಗೊಂದರ ನೆಲಮಹಡಿಯಲ್ಲಿ ಒಂದೇ ಕೋಣೆ. ಎರಡು ಮೇಜು, ಒಂದು ಕಂಪ್ಯೂಟರ್, ಆಗಾಗ ಕಾಗದ ನುಂಗುವ ಒಂದು ಪ್ರಿಂಟರ್. ಇಪ್ಪತ್ತಾರು ವರ್ಷಗಳಿಂದ ಅಲ್ಲಿ ಕೂತು ಕನ್ನಡದ ಕಾಗದಪತ್ರಗಳನ್ನು ಮರಾಠಿಗೂ ಇಂಗ್ಲಿಷಿಗೂ ಅನುವಾದ ಮಾಡಿಕೊಡುತ್ತಿದ್ದೇನೆ. ಊರಿನ ಶಾಲೆ ಬಿಟ್ಟ ಸರ್ಟಿಫಿಕೇಟು, ಜನನ ಮರಣದ ದಾಖಲೆ, ಪಾಲುಪತ್ರ, ಮದುವೆ ನೋಂದಣಿ. ಉಡುಪಿ ಕಡೆಯ ಹೋಟೆಲಿನವರು ಬರುತ್ತಾರೆ, ಧಾರಾವಿಯಿಂದ ಕಲಬುರ್ಗಿ, ವಿಜಯಪುರ ಕಡೆಯ ಕಟ್ಟಡದ ಗೌಂಡಿ ಕೆಲಸದವರು ಬರುತ್ತಾರೆ. ಈಗೀಗ ಬರುವುದಕ್ಕಿಂತ ಕಳಿಸುವವರೇ ಹೆಚ್ಚು. ದಿನಕ್ಕೆ ಇಪ್ಪತ್ತು ಮೂವತ್ತು ವರ್ಡ್ ಫೈಲುಗಳು ಮೇಲಿನಲ್ಲಿ ಬಂದು ಬೀಳುತ್ತವೆ. ತೆರೆಯುವುದು, ಓದುವುದು, ಅನುವಾದ ಮಾಡಿ ವಾಪಸು ಕಳಿಸುವುದು. ಯಾರು ಕಳಿಸಿದರು, ಯಾಕೆ ಕಳಿಸಿದರು ಎಂದು ಅನುಮಾನಪಟ್ಟು ಕೂತರೆ ನನ್ನ ಕೆಲಸ ನಡೆಯುವುದೇ ಇಲ್ಲ.

ಅಕ್ಕ ಭಾಂಡುಪ್‌ನಲ್ಲಿದ್ದಳು. ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಟೀಚರಾಗಿ ನಿವೃತ್ತಳಾದ ಮೇಲೆ ಮನೆಯಲ್ಲೇ ಕೂತು ನನ್ನ ಮರಾಠಿಯನ್ನು ತಿದ್ದಿಕೊಡುತ್ತಿದ್ದಳು. ಅವಳ ಮರಾಠಿ ಮರಾಠಿಯವರೇ ತಲೆದೂಗುವಂಥದ್ದು. ನಾವಿಬ್ಬರೂ ಸೇರಿ ಒಂದು ಪದಗಳ ಪಟ್ಟಿ ಮಾಡುತ್ತಿದ್ದೆವು. ನಮ್ಮ ಕರಾವಳಿಯ ಜಮೀನು ಪತ್ರಗಳಲ್ಲಿ ಬರುವ ಹಳೆಯ ಮಾತುಗಳಿಗೆ ಮರಾಠಿಯಲ್ಲಿ ಏನು ಹೇಳಬೇಕು ಅನ್ನುವ ಪಟ್ಟಿ. ಆ ಫೈಲು ಮೇಲಿನಲ್ಲಿ ಅವಳಿಂದ ನನಗೆ, ನನ್ನಿಂದ ಅವಳಿಗೆ ಓಡಾಡುತ್ತಿತ್ತು. ನಾನು ಕೊನೆಯದಾಗಿ ಬರೆದದ್ದು, ‘ಮೂಲಗೇಣಿಗೆ ಮರಾಠಿಯಲ್ಲಿ ಏನನ್ನೋಣ? ಯೋಚಿಸಿ ಬರೆ’ ಅಂತ. ತಲೆಮಾರುಗಳಿಗೆ ಸಾಗುವ ಕಾಯಂ ಗೇಣಿಗೆ ನಮ್ಮ ಕಡೆ ಹಾಗನ್ನುತ್ತಾರೆ. ಆ ವಾರವೇ ಅವಳನ್ನು ಆಸ್ಪತ್ರೆಗೆ ಸೇರಿಸಿದರು. ಉತ್ತರ ಬರಲಿಲ್ಲ.

ಈಗ ಬಂದ ಮೇಲ್ ಅದಕ್ಕೆ ಉತ್ತರವಾಗಿತ್ತು. ಮೇಲೆ ಅಕ್ಕನ ಪೂರ್ತಿ ಹೆಸರು. ಕೆಳಗೆ ನನ್ನದೇ ಪ್ರಶ್ನೆ, ನಾನು ಹಾಕಿದ್ದ ಪ್ರಶ್ನಾರ್ಥಕ ಚಿಹ್ನೆಯ ಸಮೇತ. ನಡುವೆ ಇಂಗ್ಲಿಷಿನಲ್ಲಿ ಒಂದು ಸಾಲು, ಲಗತ್ತಿಸಿರುವ ಕಡತವನ್ನು ನೋಡಿ ಎಂದು. ಜೊತೆಗೆ ಒಂದು ವರ್ಡ್ ಫೈಲು.

ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ ಅನ್ನುವುದು ಬೆರಳು ನೋಯತೊಡಗಿದ ಮೇಲೆ ಗೊತ್ತಾಯಿತು. ಹೊರಗೆ ರಿಕ್ಷಾ, ಬಸ್ಸು, ತರಕಾರಿ ಮಾರುವ ಭಾಜಿವಾಲಿಯ ಕೂಗು ಎಲ್ಲ ದೂರ ಹೋದಂತಾಯಿತು. ಮನುಷ್ಯರ ಬುದ್ಧಿ ಅಂಥ ಹೊತ್ತಿನಲ್ಲಿ ಏನೇನೋ ದಾರಿ ಹುಡುಕುತ್ತದೆ. ಅವಳು ಆಸ್ಪತ್ರೆಗೆ ಹೋಗುವ ಮುಂಚೆಯೇ ಬರೆದಿಟ್ಟಿದ್ದಳೇನೋ, ಎಲ್ಲೋ ಸಿಕ್ಕಿಕೊಂಡಿದ್ದದ್ದು ಇವತ್ತು ಹೊರಟಿತೇನೋ, ಭಾವ ಈಗ ನೋಡಿ ಕಳಿಸಿದರೇನೋ. ಅಕ್ಕ ನನಗೆ ಜನ್ಮದಲ್ಲಿ ಒಂದು ಸಾಲು ಇಂಗ್ಲಿಷ್ ಬರೆದವಳಲ್ಲ ಅನ್ನುವುದು ಮಾತ್ರ ಆಗ ಹೊಳೆಯಲೇ ಇಲ್ಲ.

ಫೈಲು ತೆರೆದೆ. ಪದಗಳ ಪಟ್ಟಿ ಇರಲಿಲ್ಲ. ನೀಲಿ ಚೌಕಟ್ಟಿನೊಳಗೆ ಇಂಗ್ಲಿಷಿನಲ್ಲಿ ಒಂದು ಸೂಚನೆ: ಈ ಕಡತವನ್ನು ಬೇರೆ ಆವೃತ್ತಿಯಲ್ಲಿ ಮಾಡಲಾಗಿದೆ, ಓದಬೇಕಾದರೆ ಮೇಲಿನ ಹಳದಿ ಪಟ್ಟಿಯ ಗುಂಡಿಯನ್ನು ಒತ್ತಿ. ಒತ್ತಿದೆ. ಪುಟ ಹಾಗೇ ಇತ್ತು. ಮತ್ತೆ ಒತ್ತಿದೆ. ಏನೂ ಆಗಲಿಲ್ಲ.

ಭಾವನಿಗೆ ಫೋನ್ ಮಾಡಿದೆ. ಅಕ್ಕನ ಗಂಡ, ಎಪ್ಪತ್ತೆರಡು ವಯಸ್ಸು, ಮುಲುಂಡಿನ ಕಾರ್ಖಾನೆಯೊಂದರಲ್ಲಿ ಫೋರ್‌ಮನ್ ಆಗಿದ್ದವರು.

“ಭಾವ, ಅಕ್ಕನ ಇ-ಮೇಲಿಂದ ನೀವು ನನಗೆ ಎಂತಾದ್ರೂ ಕಳಿಸಿದ್ರಾ?”

“ನಾನಾ? ನನಗೆ ಮೇಲ್ ಎಲ್ಲಿ ಬರ್ತದೆ ಮಾರಾಯ್ತಿ? ನಾನು ಕಂಪ್ಯೂಟರ್ ಹಾಕುವುದು ಯಕ್ಷಗಾನ ನೋಡ್ಲಿಕ್ಕೆ. ಯಾಕೆ, ಎಂತಾಯ್ತು?”

ಏನೂ ಇಲ್ಲ ಎಂದು ಫೋನಿಟ್ಟೆ. ಆ ದಿನ ಒಂದು ಪುಟ ಅನುವಾದವೂ ಆಗಲಿಲ್ಲ.

ಶುಕ್ರವಾರ ಬೆಳಿಗ್ಗೆ ನನ್ನ ಫೋನ್ ಹೊಡೆದುಕೊಂಡಿತು. ಒಬ್ಬಳು ಹುಡುಗಿ. ಹುಡುಗಿ ಎಂದರೆ ಮೂವತ್ತು ದಾಟಿದವಳು. ಅವಳ ಅಪ್ಪ ಬಾಗಲಕೋಟೆ ಕಡೆಯಿಂದ ಬಂದ ಗೌಂಡಿ, ಧಾರಾವಿಯಲ್ಲೇ ಸಂಸಾರ ಕಟ್ಟಿದವರು. ಅವರ ಶಾಲೆ ಸರ್ಟಿಫಿಕೇಟನ್ನು ನಾನೇ ಮರಾಠಿಗೆ ಮಾಡಿಕೊಟ್ಟಿದ್ದೆ. ಇವಳು ಇಲ್ಲೇ ಹುಟ್ಟಿ ಓದಿ, ಒಂದು ದೊಡ್ಡ ಕಂಪನಿಯಲ್ಲಿ ಕಂಪ್ಯೂಟರುಗಳ ಕಾವಲು ಕೆಲಸದಲ್ಲಿದ್ದಳು. ಕಂಪನಿಗೆ ಬರುವ ಮೇಲ್‌ಗಳಲ್ಲಿ ಕೆಟ್ಟದ್ದೇನಾದರೂ ಅಡಗಿದೆಯೇ ಎಂದು ಹುಡುಕುವುದು ಅವಳ ನೌಕರಿ.

“ಆಂಟಿ, ನಿನ್ನೆ ನೀವು ನನಗ ಮೇಲ್ ಕಳ್ಸಿದ್ರೇನ್ರಿ? ಅಪ್ಪನ ಸರ್ಟಿಫಿಕೇಟಿಂದು?”

“ಇಲ್ವಲ್ಲ. ನಿಮ್ಮ ಕೆಲಸ ಮುಗಿದು ಎರಡು ವರ್ಷ ಆಯ್ತು.”

ಅವಳು ನಿಧಾನವಾಗಿ ಹೇಳಿದಳು. “ನಾ ಅಂದ್ಕೊಂಡಿದ್ದ ಖರೇ ಆತು. ಆಂಟಿ, ಗಾಬರಿ ಆಗಬ್ಯಾಡ್ರಿ. ಮೊದಲ ನಿಮ್ಮ ಕಂಪ್ಯೂಟರಿನ ಇಂಟರ್ನೆಟ್ ವಾಯರ್ ಕಿತ್ತ ಬಿಡ್ರಿ.”

“ಬಂದ್ ಮಾಡ್ಲಾ ಹಾಗಾದ್ರೆ?”

“ಬಂದ್ ಮಾಡಬ್ಯಾಡ್ರಿ. ವಾಯರ್ ಅಷ್ಟ ತಗೀರಿ. ಅದರಾಗ ಏನೂ ಮುಟ್ಟಬ್ಯಾಡ್ರಿ. ನಾಳೆ ನನಗ ಸೂಟಿ ಐತಿ, ಮುಂಜಾನೇನ ಬರ್ತೀನಿ.”

ವಾಯರ್ ಕಿತ್ತು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಾಗಲೇ ಎರಡನೆಯ ಫೋನ್ ಬಂತು, ಮೂರನೆಯದು ಬಂತು. ನೀವು ಕಳಿಸಿದ ಫೈಲು ತೆರೆಯುತ್ತಿಲ್ಲ. ನೀವು ಕಳಿಸಿದ್ದು ಖಾಲಿ ಇದೆ. ಮ್ಯಾಡಮ್, ಹಳೇ ಕೇಸಿನ ಇ-ಮೇಲಿಗೆ ಈಗ ಯಾಕೆ ಉತ್ತರ? ನಾನು ಬರೆಯದ ಮೇಲ್‌ಗಳು, ನನ್ನ ಹೆಸರಿನಲ್ಲಿ, ನಾನೇ ಎಂದೋ ಬರೆದಿದ್ದ ಮಾತುಗಳ ತಲೆಯ ಮೇಲೆ ಕೂತು ಊರೆಲ್ಲ ತಿರುಗುತ್ತಿದ್ದವು. ‘ನಮಸ್ಕಾರ, ನಿಮ್ಮ ತಾಯಿಯವರ ಆರೋಗ್ಯ ಹೇಗಿದೆ?’ ಎಂದು ನಾನು ಮನಸಾರೆ ಕೇಳಿದ್ದ ಸಾಲೂ ಹಾಗೇ ಹೋಗಿತ್ತು. ಅದನ್ನು ಪಡೆದವರು ಓದಿ ಹೇಳಿದಾಗ ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆಲ್ಲ ಅವಳು ಬಂದಳು. ಹೆಗಲಲ್ಲಿ ಒಂದು ಹಳೆಯ ಲ್ಯಾಪ್‌ಟಾಪು. ಅದಕ್ಕೆ ಇಂಟರ್ನೆಟ್ ಇಲ್ಲ, ಇಂಥ ಫೈಲುಗಳನ್ನು ನೋಡಲಿಕ್ಕೆಂದೇ ಇಟ್ಟುಕೊಂಡದ್ದು ಎಂದಳು. ತೀರಿಕೊಂಡ ಅಕ್ಕನ ಹೆಸರಿನಲ್ಲಿ ಬಂದದ್ದು ಎಂದು ಹೇಳಿ ಆ ಮೇಲನ್ನು ತೋರಿಸಿದೆ. ಅವಳು ಮೊದಲು ಹೆಸರಿನ ಮೇಲೆ ಮೌಸಿನ ಬಾಣದ ಗುರುತು ಇಟ್ಟಳು. ಹೆಸರಿನ ಹಿಂದಿದ್ದ ವಿಳಾಸ ಹೊರಗೆ ಬಂತು. ಎಂದೂ ಕೇಳಿರದ, ಯಾವುದೋ ದೇಶದ ಅಂಗಡಿಯದ್ದಿರಬೇಕು ಅನ್ನಿಸುವ ಒಂದು ವಿಳಾಸ.

“ಹೆಸರು ಅಷ್ಟ ನಿಮ್ಮ ಅಕ್ಕಂದ್ರಿ. ವಿಳಾಸ ಬ್ಯಾರೇನ.”

ನಾಲ್ಕು ದಿನ ನಾನು ಆ ಹೆಸರನ್ನು ನೂರು ಸಲ ನೋಡಿದ್ದೆ. ಅದರ ಹಿಂದೆ ನೋಡಬಹುದು ಅನ್ನುವುದೇ ನನಗೆ ಗೊತ್ತಿರಲಿಲ್ಲ.

ಫೈಲನ್ನು ಅವಳು ತನ್ನ ಲ್ಯಾಪ್‌ಟಾಪಿಗೆ ಹಾಕಿಕೊಂಡಳು. ತೆರೆಯಲಿಲ್ಲ. ಕಪ್ಪು ಪರದೆಯಲ್ಲಿ ಏನೋ ಟೈಪ್ ಮಾಡಿದಳು.

“ವರ್ಡ್ ಫೈಲ್ ಅಂದ್ರ ಒಂದ್ ಗಂಟು ಇದ್ದಂಗ್ರಿ ಆಂಟಿ. ನಾವು ತೆರದ್ರ ಮ್ಯಾಲಿಂದಷ್ಟ ಕಾಣ್ತೈತಿ. ಅದಕ್ಕ ನಾ ತೆರ್ಯಾಂಗಿಲ್ಲ, ಗಂಟು ಬಿಚ್ಚಿ ಒಳಗಿಂದ ಬ್ಯಾರೆ ಬ್ಯಾರೆ ಇಡ್ತೀನಿ.” ಪರದೆಯ ಮೇಲೆ ಒಂದು ಪಟ್ಟಿ ಬಂತು. “ನೋಡ್ರಿ, ನೀವು ಓದಿದ್ದು ಬರವಣಿಗೀನ ಅಲ್ಲ. ಅದೊಂದು ಫೋಟೋ. ಈ ಫೈಲಿನಾಗ ಒಂದು ಅಕ್ಷರ ಟೈಪ್ ಮಾಡಿಲ್ಲ. ಖರೇ ಮಾಲು ಇಲ್ಲಿ ಐತಿ.”

ಬೆರಳಿಟ್ಟು ತೋರಿಸಿದಳು. ಮ್ಯಾಕ್ರೋ ಎಂದು ಅದರ ಹೆಸರು. ಕೆಲಸ ಹಗುರಾಗಲಿ ಎಂದು ಕಡತದೊಳಗೆ ಬರೆದಿಡುವ ಆಜ್ಞೆಗಳು. ಒಳ್ಳೆಯ ಕೆಲಸಕ್ಕೆ ಹುಟ್ಟಿದ್ದನ್ನು ಇವರು ಹೀಗೆ ಬಳಸಿದ್ದರು. ಅವಳು ಅದನ್ನು ಬಿಚ್ಚಿ ಹರಡಿದಳು. ಸಾಲು ಸಾಲು ಅರ್ಥವಿಲ್ಲದ ಅಕ್ಷರಗಳು, ಯಾರೋ ಕೀಲಿಮಣೆಯ ಮೇಲೆ ಕೈ ಬಡಿದಂತೆ.

“ಇದು ಏನೂ ಅಲ್ಲ ಅಲ್ವಾ?” ಎಂದೆ. ಏನೂ ಆಗಿರದಿರಲಿ ಎಂದು ಆಸೆ.

“ಹಂಗ ಕಾಣ್ಲಿ ಅಂತನ ಬರದಾರ್ರಿ. ಈ ಮೊದಲನೇ ಸಾಲು ಏನು ಹೇಳ್ತೈತಿ ಅಂದ್ರ, ಫೈಲ್ ತೆರೆದು ಗುಂಡಿ ಒತ್ತಿದ ಕೂಡ್ಲೇ ತಾನಾಗೇ ಚಾಲೂ ಆಗು ಅಂತ. ಉಳಿದದ್ದು ತುಕಡಾ ತುಕಡಾ ಮಾಡಿ ಇಟ್ಟಾರ. ಒಂದ್ ಹಾಳಿ ಕೊಡ್ರಿ.”

ನನ್ನ ಮೇಜಿನ ಮೇಲಿದ್ದ ಹಳೆಯ ಪಾಲುಪತ್ರವೊಂದರ ಕರಡನ್ನು ಕೊಟ್ಟೆ. ಅದರ ಹಿಂಬದಿಯಲ್ಲಿ ಅವಳು ಪರದೆಯಿಂದ ಎರಡು ಅಕ್ಷರ, ಮೂರು ಅಕ್ಷರ ಆರಿಸಿ ಆರಿಸಿ ಬರೆದಳು. ಕಸ ಎಂದು ತೋರುತ್ತಿದ್ದದ್ದು ನನ್ನ ಕಣ್ಣೆದುರೇ ಒಂದು ವೆಬ್‌ಸೈಟಿನ ವಿಳಾಸವಾಯಿತು. ಅಲ್ಲಿಗೆ ಹೋಗು, ಅಲ್ಲಿಂದ ಇನ್ನೊಂದನ್ನು ತಾ, ಇಲ್ಲಿ ಬಚ್ಚಿಡು, ಸದ್ದಿಲ್ಲದೆ ನಡೆಸು. ಅವಳು ಒಂದೊಂದೇ ಸಾಲನ್ನು ಅನುವಾದ ಮಾಡಿ ಹೇಳುತ್ತ ಹೋದಳು. ಜೀವಮಾನವೆಲ್ಲ ಕಾಗದ ಓದಿ ಬದುಕಿದವಳು ನಾನು. ಎಲ್ಲೋ ಒಬ್ಬ ಮನುಷ್ಯ ಕೂತು, ಯೋಚಿಸಿ, ತಿದ್ದಿ ತೀಡಿ ಇದನ್ನು ಬರೆದಿದ್ದ. ಓದುವವರಿಗೆ ಗೊತ್ತಾಗಬಾರದು ಎಂದೇ ಬರೆದಿದ್ದ.

“ಆದ್ರೆ ನನ್ನ ಪ್ರಶ್ನೆ ಅವನಿಗೆ ಹೇಗೆ ಸಿಕ್ಕಿತು? ಅದು ನಾನು ಅಕ್ಕನಿಗೆ ಬರೆದದ್ದು.”

“ಹಂಗಾದ್ರ ನಿಮ್ಮ ಅಕ್ಕಾರ ಕಂಪ್ಯೂಟರಿನಾಗ ಇದು ಮೊದಲ ಹೊಕ್ಕೈತಿ. ಅಲ್ಲಿಂದ ಮೇಲ್ ಎಲ್ಲಾ ಕದ್ದು ಇಟ್ಕೊಂಡಾರ. ತಿಂಗಳಗಟ್ಲೆ ಸುಮ್ನ ಇದ್ದು ಆಮ್ಯಾಲ ಬಳಸ್ತಾರ್ರಿ. ಗುರ್ತಿನವರ ಹೆಸರು, ಹಳೇ ಮಾತು. ಯಾರು ಒಲ್ಲೆ ಅಂತಾರ? ತೀರಿಕೊಂಡಾರೋ ಇದ್ದಾರೋ, ಮಶಿನ್‌ಗೇನ್ ಗೊತ್ತು.”

ಕಡೆಯ ಮಾತನ್ನು ಹೇಳಿ ಅವಳೇ ನಾಲಿಗೆ ಕಚ್ಚಿಕೊಂಡಳು. ನಾನು ನೀರು ಕುಡಿಯಲು ಎದ್ದೆ. ಅಕ್ಕನ ಮೇಲೆ ದ್ವೇಷವಿದ್ದ ಯಾರೋ, ನನ್ನ ದುಃಖ ಗೊತ್ತಿದ್ದ ಯಾರೋ ಇದನ್ನು ಮಾಡಿದ್ದರೆ ಅರ್ಥವಾಗುತ್ತಿತ್ತೇನೋ. ಯಾರೂ ಇರಲಿಲ್ಲ. ಅವಳ ಹೆಸರನ್ನು ಎತ್ತಿಕೊಂಡವರಿಗೆ ಅವಳು ಯಾರೆಂದೇ ತಿಳಿದಿರಲಿಲ್ಲ.

ಮಧ್ಯಾಹ್ನದ ಲೋಕಲ್ ಟ್ರೇನು ಹಿಡಿದು ಇಬ್ಬರೂ ಭಾಂಡುಪ್‌ಗೆ ಹೋದೆವು. ಭಾವ ಬಾಗಿಲು ತೆಗೆದರು. ಒಳಗೆ ಕಂಪ್ಯೂಟರಿನಲ್ಲಿ ಚೆಂಡೆ ಕೇಳುತ್ತಿತ್ತು. ವಿಷಯ ತಿಳಿಸಿದಾಗ ಅವರಿಗೆ ಅರ್ಧ ಅರ್ಥವಾಯಿತು.

“ಅವಳ ಕಂಪ್ಯೂಟರಿಗೆ ರೋಗವಾ? ನಾನು ದಿನಾ ಅದರ ಮುಂದೆ ಕೂತ್ಕೊಳ್ತೇನಲ್ಲ!”

“ಅಜ್ಜಾರ, ನಿಮಗೇನೂ ಆಗಂಗಿಲ್ರಿ,” ಎಂದು ನಕ್ಕಳು ಹುಡುಗಿ. ಭಾವನೂ ನಕ್ಕರು. ಆ ದಿನ ನಾವು ನಕ್ಕದ್ದು ಅದೊಂದೇ ಸಲ.

ಅಕ್ಕನ ಇ-ಮೇಲಿನಲ್ಲಿ ವರ್ಡ್ ಫೈಲುಗಳಿದ್ದ ಪತ್ರಗಳನ್ನಷ್ಟೇ ಅವಳು ಆರಿಸಿದಳು. ಮುನ್ನೂರಕ್ಕೂ ಹೆಚ್ಚು. ಅವನ್ನೆಲ್ಲ ಲ್ಯಾಪ್‌ಟಾಪಿಗೆ ಹಾಕಿ, ಒಂದೂ ತೆರೆಯದೆ, ಒಳಗೆ ಮ್ಯಾಕ್ರೋ ಇರುವುದು ಯಾವುದು ಎಂದು ಹುಡುಕಲು ಬಿಟ್ಟಳು. ಭಾವ ಚಹಾ ಮಾಡಿ ತಂದರು. ಲೋಟ ಖಾಲಿಯಾಗುವ ಮುಂಚೆಯೇ ಒಂದು ಫೈಲು ಸಿಕ್ಕಿತು. ಒಂದೇ ಒಂದು. ನಾಲ್ಕು ವರ್ಷ ಹಳೆಯದು.

ಅವಳು ಪರದೆ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಪರದೆ ನೋಡಿದಳು.

“ಏನಾಯ್ತು? ಯಾರು ಕಳಿಸಿದ್ದು?”

“ಆಂಟಿ...” ಎಂದಳು. ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದಳು.

ಕಳಿಸಿದವಳು ನಾನು. ಈ ಸಲ ಹೆಸರಿನ ಹಿಂದೆ ನೋಡಿದರೂ ನಾನೇ. ನನ್ನ ಸ್ವಂತ ವಿಳಾಸ. ಗಿರಾಕಿಯೊಬ್ಬರ ಹೆಸರಿನಲ್ಲಿ ಬಂದಿದ್ದ ಫೈಲನ್ನು ಮುಂದಕ್ಕೆ ಕಳಿಸಿ ನಾನು ಬರೆದಿದ್ದೆ: ‘ಅಕ್ಕಾ, ಟ್ರೇನಿನಲ್ಲಿದ್ದೇನೆ. ಮೊಬೈಲಿನಲ್ಲಿ ಇದು ತೆರೆಯುತ್ತಿಲ್ಲ. ನಿನ್ನ ಕಂಪ್ಯೂಟರಿನಲ್ಲಿ ಹೇಗಾದರೂ ತೆರೆದು ಎಂತ ಉಂಟು ಅಂತ ಹೇಳು. ಅರ್ಜೆಂಟ್.’ ಅದರ ಕೆಳಗೆ ಅರ್ಧ ಗಂಟೆಯ ಬಳಿಕ ಅಕ್ಕನ ಉತ್ತರ: ‘ಒಂದು ಚಿತ್ರ ಬಿಟ್ಟರೆ ಎಂತದ್ದೂ ಇಲ್ಲ. ಹಳದಿ ಪಟ್ಟಿ ಬಂತು, ನೀನು ಹೇಗಾದರೂ ತೆರೆ ಅಂದದ್ದಕ್ಕೆ ಅದನ್ನೂ ಒತ್ತಿದೆ. ಆದರೂ ಇಲ್ಲ. ಯಾರೋ ತಪ್ಪಿ ಕಳಿಸಿರಬೇಕು. ಊಟ ಮಾಡಿದೆಯಾ?’

ನಾನು ಅದನ್ನು ಎಷ್ಟು ಸಲ ಓದಿದೆನೋ ತಿಳಿಯದು. ಆ ಟ್ರೇನು, ಆ ದಿನ, ಆ ಗಿರಾಕಿ ಯಾವುದೂ ನೆನಪಿರಲಿಲ್ಲ. ಒಂದು ಬೆರಳಿನಿಂದ ಒತ್ತಿ ಕಳಿಸಿ ಮರೆತಿದ್ದೆ. ನಾಲ್ಕು ವರ್ಷ ಆ ಯಂತ್ರದೊಳಗೆ ಯಾರೋ ಕೂತು ನಮ್ಮಿಬ್ಬರ ಮಾತುಗಳನ್ನೆಲ್ಲ ಒಯ್ಯುತ್ತಿದ್ದರು. ಅವಳ ಮೊಣಕಾಲು ನೋವು, ನನ್ನ ಸಿಟ್ಟು, ಭಾವನ ಬಗ್ಗೆ ಮಾಡಿದ ಹಾಸ್ಯ, ಕೊನೆಕೊನೆಗೆ ಅವಳು ಬರೆದ ಡಾಕ್ಟರರ ಮಾತು.

“ಭಾವ, ಇದನ್ನು ಅಕ್ಕನಿಗೆ ಕಳಿಸಿದ್ದು ನಾನೇ,” ಎಂದೆ.

ಭಾವ ಕನ್ನಡಕ ಹಾಕಿಕೊಂಡು ಬಗ್ಗಿ ಓದಿದರು. ತುಂಬ ಹೊತ್ತು ಓದಿದರು. ನಾನು ಬೈಗುಳಕ್ಕೆ ಕಾಯುತ್ತಿದ್ದೆ.

“ಊಟ ಮಾಡಿದೆಯಾ ಅಂತ ಕೇಳಿದ್ದಾಳೆ ನೋಡು,” ಎಂದರು. “ನೀನು ಉತ್ತರ ಕೊಡ್ಲಿಲ್ಲ.”

ನಾನು ಅಲ್ಲೇ ಅತ್ತೆ. ಹುಡುಗಿ ಎದ್ದು ಬಾಲ್ಕನಿಗೆ ಹೋಗಿ ನಿಂತಳು.

ಆಮೇಲಿನ ಕೆಲಸ ಬೇಸರದ್ದು, ಆದರೆ ಮಾಡಲೇಬೇಕಾದದ್ದು. ಅಕ್ಕನ ಫೈಲುಗಳಿಂದ ಬರವಣಿಗೆಯನ್ನಷ್ಟೇ ಬೇರ್ಪಡಿಸಿ, ಪದಗಳ ಪಟ್ಟಿಯನ್ನೂ ಸೇರಿಸಿ ಒಂದು ಪೆನ್‌ಡ್ರೈವಿಗೆ ಹಾಕಿಕೊಟ್ಟಳು ಹುಡುಗಿ. ಎರಡೂ ಕಂಪ್ಯೂಟರುಗಳನ್ನು ಪೂರ್ತಿ ಅಳಿಸಿ ಹೊಸದಾಗಿ ಕಟ್ಟಬೇಕಾಯಿತು. ಎಲ್ಲ ಪಾಸ್‌ವರ್ಡುಗಳನ್ನು ಬೇರೆ ಕಡೆಯಿಂದ ಬದಲಾಯಿಸಿದೆವು. ನನ್ನ ವರ್ಡ್ ಹತ್ತು ವರ್ಷ ಹಳೆಯದು, ಹೊಸದಾಗಿದ್ದರೆ ಇದನ್ನು ತಾನಾಗಿಯೇ ತಡೆಯುತ್ತಿತ್ತು ಎಂದಳು. ಪೊಲೀಸರ ಸೈಬರ್ ವಿಭಾಗದಲ್ಲಿ ದೂರು ಬರೆದುಕೊಟ್ಟೆ. ಅಲ್ಲಿದ್ದ ಹೆಣ್ಣುಮಗಳು ನನ್ನ ಮರಾಠಿಯನ್ನು ಮೆಚ್ಚಿ, “ಇಂಥವು ದಿನಾ ಬರುತ್ತವೆ ತಾಯಿ” ಎಂದಳು.

ಸೋಮವಾರದಿಂದ ಗಿರಾಕಿಗಳಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿದೆ. ಮೇಲ್ ಕಳಿಸಿದರೆ ಯಾರು ನಂಬುತ್ತಾರೆ? ಒಂಬತ್ತು ದಿನ ಹಿಡಿಯಿತು. ಹೆಚ್ಚಿನವರು ತೆರೆದಿರಲಿಲ್ಲ, ಕೆಲವರು ತೆರೆದಿದ್ದರು. ಅವರಿಗೆ ಏನು ಮಾಡಬೇಕೆಂದು ಹುಡುಗಿ ಬರೆದುಕೊಟ್ಟದ್ದನ್ನು ಓದಿ ಹೇಳಿದೆ. ಚೆಂಬೂರಿನ ಒಬ್ಬ ಹೋಟೆಲ್ ಮ್ಯಾನೇಜರ್ ನನ್ನನ್ನೇ ಸಮಾಧಾನ ಮಾಡಿದರು. ಒಬ್ಬ ತಾಯಿಯ ಮಾತನ್ನು ಮಾತ್ರ ಮರೆಯಲಾರೆ. ಅವರು ಮಗುವನ್ನು ದತ್ತು ಪಡೆದ ಕಾಗದಗಳನ್ನು ನಾನು ಅನುವಾದ ಮಾಡಿದ್ದೆ. ಮನೆಯಲ್ಲಿ ಗಂಡ ಹೆಂಡತಿ ಬಿಟ್ಟರೆ ಯಾರಿಗೂ ಅದು ಗೊತ್ತಿರಲಿಲ್ಲ, ಮಗಳಿಗೂ.

“ನಿಮ್ಮನ್ನು ನಂಬಿ ಕೊಟ್ಟದ್ದಲ್ವಾ ಅದು? ಈಗ ಯಾರ ಕೈಯಲ್ಲಿ ಉಂಟು?”

“ನನಗೆ ಗೊತ್ತಿಲ್ಲ,” ಎಂದೆ.

“ಗೊತ್ತಿಲ್ಲ ಅಂದ್ರೆ?”

ಅವರು ಫೋನಿಟ್ಟರು. ಈವರೆಗೆ ಏನೂ ಆಗಿಲ್ಲ ಎಂದು ಬೇರೆಯವರಿಂದ ತಿಳಿಯಿತು. ಮಗಳಿಗೆ ಬೇರೆ ಯಾರಿಂದಲೋ ತಿಳಿಯುವ ಮುಂಚೆ ತಾವೇ ಹೇಳಿಬಿಟ್ಟರಂತೆ. ಅದು ಒಳ್ಳೆಯದಾಯಿತೋ ಕೆಟ್ಟದಾಯಿತೋ ಕೇಳುವ ಧೈರ್ಯ ನನಗಿಲ್ಲ. ಅವರು ಮತ್ತೆ ನನ್ನ ಕಚೇರಿಗೆ ಬರಲಿಲ್ಲ.

ಈಗ ನಾನು ಕಲಿತದ್ದು ಕೊಂಚವೇ. ಹೆಸರಿನ ಹಿಂದಿನ ವಿಳಾಸ ನೋಡುತ್ತೇನೆ. ಕೇಳದೆ ಬಂದ ಫೈಲಾದರೆ ಕಳಿಸಿದವರಿಗೆ ಫೋನ್ ಮಾಡುತ್ತೇನೆ, ಮೇಲಿನಲ್ಲಿ ಬರೆದಿರುವ ನಂಬರಿಗಲ್ಲ, ನನ್ನ ಹತ್ತಿರ ಮೊದಲೇ ಇದ್ದ ನಂಬರಿಗೆ. ಗುಂಡಿ ಒತ್ತು ಎಂದು ಕಡತವೇ ಹೇಳಿದರೆ ಒತ್ತುವುದಿಲ್ಲ. ಕೆಲವರು ಸಿಡುಕುತ್ತಾರೆ. ನಮ್ಮ ಬಿಲ್ಡಿಂಗಿನಲ್ಲೇ ಎದುರು ಕೋಣೆಯ ವೃದ್ಧ ವಕೀಲರು ನನ್ನನ್ನು ನೋಡಿ ನಗುತ್ತಿದ್ದರು. ಮರಾಠಿ ಮಾತಾಡುವವರು, ನನ್ನೊಡನೆ ಹಿಂದಿಯಲ್ಲಿ ಮಾತಾಡುತ್ತಾರೆ. ಒಂದು ದಿನ ಅವರ ಪರದೆಯಲ್ಲಿ ಹಳದಿ ಪಟ್ಟಿ ಕಂಡು ನಾನು ಬಾಗಿಲಿನಿಂದಲೇ ಕೂಗಿದ್ದೆ. ಅವರು ಕಳಿಸಿದವರಿಗೆ ಫೋನ್ ಮಾಡಿದರು. ಅದು ನಿಜವಾಗಿಯೂ ಅವರ ಕಕ್ಷಿದಾರನೇ ಕಳಿಸಿದ ಲೆಕ್ಕದ ನಮೂನೆಯಾಗಿತ್ತು. ಒಂದು ವಾರ ಇಡೀ ಬಿಲ್ಡಿಂಗಿಗೆ ಆ ಕತೆ ಹೇಳಿದರು.

ಕಳೆದ ತಿಂಗಳು ಒಂದು ಮಧ್ಯಾಹ್ನ ಅವರೇ ನನ್ನ ಕೋಣೆಗೆ ಬಂದರು. “ಬೆಹೆನ್‌ಜೀ, ಜರಾ ಆಕೆ ದೇಖೋ ತೋ,” ಸ್ವಲ್ಪ ಬಂದು ನೋಡಿ ಎಂದು ತಮ್ಮ ಕೋಣೆಗೆ ಕರೆದೊಯ್ದರು. ಅವರ ಜೊತೆ ಮೂವತ್ತು ವರ್ಷ ಕೆಲಸ ಮಾಡಿದ ಗುಮಾಸ್ತರ ಹೆಸರಿನಲ್ಲಿ ಒಂದು ಮೇಲ್, ಹಳೆಯ ಕೇಸೊಂದರ ಮಾತು, ಒಂದು ಫೈಲು. ಹೆಸರಿನ ಮೇಲೆ ಬಾಣ ಇಡಿ ಎಂದೆ. ಇಟ್ಟರು. ಹೊರಗೆ ಬಂದದ್ದು ಇಬ್ಬರೂ ಕೇಳಿರದ ವಿಳಾಸ. ಗುಮಾಸ್ತರಿಗೆ ಅಲ್ಲಿಂದಲೇ ಫೋನ್ ಮಾಡಿದರು. ಅವರು ಊರಿನಲ್ಲಿದ್ದರು, ತಿಂಗಳಿಂದ ಕಂಪ್ಯೂಟರ್ ಮುಟ್ಟಿಲ್ಲ ಎಂದರು.

ವಕೀಲರು ಫೋನನ್ನು ಮೇಜಿನ ಮೇಲಿಟ್ಟು, ಮೌಸಿನಿಂದ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಅವರ ಮುಖದಲ್ಲಿದ್ದದ್ದು ನನಗೆ ಗೊತ್ತಿತ್ತು. ನಾನು ಹೊರಗೆ ಹೋಗಿ ಎರಡು ಅರ್ಧ ಲೋಟದ ಕಟಿಂಗ್ ಚಹಾ ಹೇಳಿ ಬಂದೆ.